ನಾದ ದಾಸೋಹ: ವ್ಯಸನದಿಂದ ಬಿಡುಗಡೆ ಪಡೆದವರು ಹಂಚಿದ ಹಾಡು



ಶಿವನು ಸಂಗೀತಕ್ಕೆ ಒಲಿಯುವವನು ಎಂಬುದು ಲೋಕರೂಢಿಯ ಮಾತು. ರಾವಣನು ತನ್ನ ನರಗಳನ್ನೇ ತಂತಿಯಾಗಿಸಿ ಹಾಡಿ ಕೈಲಾಸಪತಿಯನ್ನು ಮೆಚ್ಚಿಸಿದ ಕಥೆಯನ್ನು ಹಳ್ಳಿಯ ಮಕ್ಕಳೂ ಬಲ್ಲರು. ಆದರೆ ಧರ್ಮಗುರು ಬಸವಣ್ಣನವರು ತಮ್ಮ ಪ್ರಸಿದ್ಧ ವಚನವೊಂದರಲ್ಲಿ ಈ ರೂಢಿಯ ಮಾತನ್ನು ಒಪ್ಪುವುದಿಲ್ಲ. ಅಷ್ಟು ಚೆನ್ನಾಗಿ ಹಾಡಿದ ರಾವಣನ ಆಯುಷ್ಯ ಅರ್ಧಕ್ಕೇ ನಿಂತಿತು. ವೇದವನ್ನು ಓದಿದ ಬ್ರಹ್ಮನು ತನ್ನ ತಲೆಯೊಂದನ್ನು ಕಳೆದುಕೊಂಡನು. ನಾದವಾಗಲಿ ಓದಾಗಲಿ ಅವರನ್ನು ಕಾಯಲಿಲ್ಲ ಎಂದು ತೋರಿಸಿ, ದೇವನು ಒಲಿಯುವುದು ಭಕ್ತಿಯೊಂದಕ್ಕೇ ಎಂದು ಅವರು ನಿರ್ಣಯಿಸುತ್ತಾರೆ.

ಇದೇ ಬಸವಣ್ಣನವರು ಇನ್ನೊಂದು ವಚನದಲ್ಲಿ ತಮ್ಮ ದೇಹವನ್ನೇ ವೀಣೆಯಾಗಿ ಮಾಡಿಕೊಂಡು ನುಡಿಸಬೇಕೆಂದು ಕೂಡಲಸಂಗಮದೇವನನ್ನು ಬೇಡಿಕೊಂಡಿದ್ದಾರೆ. ಮತ್ತೊಂದರಲ್ಲಿ ತಾಳ ಲಯಗಳ ಲೆಕ್ಕ ತಮಗೆ ತಿಳಿಯದೆಂದೂ, ಒಲವು ನಡೆಸಿದಂತೆ ಹಾಡುವುದಾಗಿಯೂ ಹೇಳಿಕೊಂಡಿದ್ದಾರೆ. ಮೇಲ್ನೋಟಕ್ಕೆ ಒಂದು ಕಡೆ ನಾದದ ನಿರಾಕರಣೆ, ಇನ್ನೊಂದು ಕಡೆ ನಾದದ ಪ್ರಾರ್ಥನೆ ಎಂದು ತೋರಬಹುದು. ಇವುಗಳಲ್ಲಿ ವಿರೋಧವಿಲ್ಲ. ರಾವಣನ ಹಾಡಿನಲ್ಲಿ ನಾದವು ಹಾಡುವವನ ಸೊತ್ತು. ಬಸವಣ್ಣನವರ ಪ್ರಾರ್ಥನೆಯಲ್ಲಿ ಹಾಡುವವನೇ ದೇವನ ಸೊತ್ತು. ತನ್ನದೆಂದು ಹಿಡಿದುಕೊಂಡ ನಾದ ಅಹಂಕಾರವನ್ನು ಬೆಳೆಸುತ್ತದೆ. ತನ್ನನ್ನು ಒಪ್ಪಿಸಿಕೊಂಡು ಪಡೆದ ನಾದ ಪ್ರಸಾದವಾಗುತ್ತದೆ. ಪ್ರಸಾದವನ್ನು ಒಬ್ಬನೇ ಇಟ್ಟುಕೊಳ್ಳುವಂತಿಲ್ಲ, ಹಂಚಿ ಉಣ್ಣಬೇಕು. ಶರಣರು ಇದನ್ನೇ ದಾಸೋಹವೆಂದರು.

ಈ ಮಾತು ಬರಿಯ ತತ್ತ್ವವಿಚಾರವೆಂದು ತಿಳಿಯಬಾರದು. ಕೆಲವರ ಪಾಲಿಗೆ ಇದು ಸಾವು ಬದುಕಿನ ಪ್ರಶ್ನೆಯಾಗಿತ್ತು. ಮಾದಕ ವಸ್ತುವಿನ ಹಿಡಿತಕ್ಕೆ ಸಿಕ್ಕಿದ ಮಹಾ ಸಂಗೀತಗಾರರಲ್ಲಿ ಯಾರು ಉಳಿದರು, ಯಾರು ಅಳಿದರು, ಉಳಿದವರು ಹೇಗೆ ಉಳಿದರು ಎಂಬುದನ್ನು ಇತಿಹಾಸದಲ್ಲಿ ಹುಡುಕಿದರೆ ಬಸವಣ್ಣನವರ ವಚನಕ್ಕೆ ದೂರದ ದೇಶದಿಂದ ಒಂದು ಸಾಕ್ಷಿ ದೊರೆಯುತ್ತದೆ. ಅದು ಅಮೆರಿಕದ ಕಪ್ಪು ಜನರ ಜಾಝ್ ಸಂಗೀತದ ಇತಿಹಾಸ. ಅದರಲ್ಲಿಯೂ ವಿಶೇಷವಾಗಿ 1957ನೆಯ ಇಸವಿ.

ವಿಷವೇ ವಿದ್ಯೆಯೆಂಬ ಭ್ರಮೆ

ಜಾಝ್ ಎಂಬುದು ಗುಲಾಮಗಿರಿಯ ನೋವನ್ನುಂಡ ಜನರ ಮಕ್ಕಳು ಮೊಮ್ಮಕ್ಕಳು ಕಟ್ಟಿದ ಸಂಗೀತ. ಹಾಡುಗಾರನು ಬರೆದಿಟ್ಟ ಸ್ವರಗಳನ್ನಷ್ಟೇ ಒಪ್ಪಿಸದೆ, ಕಛೇರಿಯ ಹೊತ್ತಿನಲ್ಲಿಯೇ ಹೊಸ ಸಂಚಾರಗಳನ್ನು ಹುಟ್ಟಿಸಿಕೊಂಡು ಹೋಗುವುದು ಇದರ ಜೀವಾಳ. ರಾಗವನ್ನು ವಿಸ್ತರಿಸುವ ಹಿಂದುಸ್ತಾನಿ ಗವಾಯಿಗಳನ್ನು ಕೇಳಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಇದರ ಮುಖ್ಯ ವಾದ್ಯಗಳಲ್ಲಿ ಒಂದಾದ ಸ್ಯಾಕ್ಸೋಫೋನ್ ಕದ್ರಿ ಗೋಪಾಲನಾಥರ ಸಾಧನೆಯಿಂದ ಕನ್ನಡಿಗರಿಗೂ ಪರಿಚಿತವಾಗಿದೆ.

ಎರಡನೆಯ ಮಹಾಯುದ್ಧದ ನಂತರ ನ್ಯೂಯಾರ್ಕ್, ಫಿಲಡೆಲ್ಫಿಯಾ ಮೊದಲಾದ ನಗರಗಳ ಬಡ ಬೀದಿಗಳಿಗೆ ಹೆರಾಯಿನ್ ಎಂಬ ವಿಷ ಹರಿದುಬಂದಿತು. ರಾತ್ರಿಯಿಡೀ ಮದ್ಯದಂಗಡಿಗಳಲ್ಲಿ ನುಡಿಸಿ ಹೊಟ್ಟೆ ಹೊರೆಯಬೇಕಾಗಿದ್ದ ಸಂಗೀತಗಾರರು ಅದಕ್ಕೆ ಮೊದಲು ಬಲಿಯಾದರು. ಆ ಕಾಲದ ಅತ್ಯಂತ ದೊಡ್ಡ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್. 1920ರಲ್ಲಿ ಹುಟ್ಟಿದ ಇವನು ಜಾಝ್ ಸಂಗೀತದ ಭಾಷೆಯನ್ನೇ ಬದಲಿಸಿದ ಪ್ರತಿಭಾವಂತ. ಎಳೆಯ ವಯಸ್ಸಿನಿಂದಲೇ ಹೆರಾಯಿನ್ನಿನ ದಾಸ. ಅವನಂತೆ ನುಡಿಸಬೇಕೆಂದು ಹಂಬಲಿಸಿದ ತರುಣರು ಅವನ ಸಾಧನೆಯನ್ನು ನೋಡಿದಂತೆಯೇ ಅವನ ಚಟವನ್ನೂ ನೋಡಿದರು. ಆ ವಿಷವೇ ಆ ವಿದ್ಯೆಯ ಗುಟ್ಟು ಎಂದು ನಂಬಿದರು. ಹಾಗೆ ನಂಬಬೇಡಿರೆಂದು ಸ್ವತಃ ಪಾರ್ಕರನೇ ಎಚ್ಚರಿಸಿದರೂ ಕೇಳಿದವರು ಕಡಿಮೆ. 1955ರ ಮಾರ್ಚ್ 12ರಂದು ಅವನು ತೀರಿಕೊಂಡಾಗ ವಯಸ್ಸು ಕೇವಲ 34. ಅಂತಹ ನಾದವಿದ್ದೂ ಆಯುಷ್ಯ ಅರ್ಧಕ್ಕೆ ನಿಂತಿತು.

ಇಲ್ಲಿ ನಿಂದೆಗೆ ಎಡೆಯಿಲ್ಲ. ಶರಣರು ಬಿದ್ದವನನ್ನು ಹಳಿದವರಲ್ಲ. ವ್ಯಸನವು ಒಂದು ರೋಗವೆಂದು ವೈದ್ಯಶಾಸ್ತ್ರ ಇಂದು ಸ್ಪಷ್ಟವಾಗಿ ಹೇಳುತ್ತದೆ. ಅಂದಿನ ಸಮಾಜ ಅದನ್ನು ಹೆಚ್ಚಾಗಿ ಅಪರಾಧವೆಂದೇ ಕಂಡಿತು. ನ್ಯೂಯಾರ್ಕಿನ ಮದ್ಯದಂಗಡಿಗಳಲ್ಲಿ ನುಡಿಸಲು ಪೊಲೀಸರಿಂದ ಒಂದು ಪರವಾನಗಿ ಚೀಟಿ ಪಡೆಯಬೇಕಾಗಿತ್ತು. ಮಾದಕ ವಸ್ತುವಿನ ಪ್ರಕರಣದಲ್ಲಿ ಸಿಕ್ಕಿದವರ ಚೀಟಿ ರದ್ದಾಗುತ್ತಿತ್ತು. ಅನ್ನದ ದಾರಿ ಮುಚ್ಚಿದ ಮೇಲೆ ಚಟ ಬಿಡುವ ಬಲ ಎಲ್ಲಿಂದ ಬರಬೇಕು? ಸರಕಾರ ಬಾಗಿಲು ಮುಚ್ಚಿದ ಹೊತ್ತಿನಲ್ಲಿ ಬಾಗಿಲು ತೆರೆದವರು ಯಾರು ಎಂಬುದು ಮುಂದಿನ ಕಥೆ.

ಹಾರ್ಲೆಮ್‌ನ ಒಂದು ಮಹಾಮನೆ

ಮೇರಿ ಲೂ ವಿಲಿಯಮ್ಸ್ ಎಂಬ ಮಹಿಳೆ 1910ರಲ್ಲಿ ಅಟ್ಲಾಂಟಾ ನಗರದಲ್ಲಿ ಹುಟ್ಟಿ ಪಿಟ್ಸ್‌ಬರ್ಗ್‌ನಲ್ಲಿ ಬೆಳೆದವಳು. ಆರೇಳು ವರ್ಷದ ಹುಡುಗಿಯಾಗಿರುವಾಗಲೇ ನೆರೆಹೊರೆಯ ಮನೆಗಳಲ್ಲಿ ಪಿಯಾನೋ ನುಡಿಸಿ ಸಂಸಾರಕ್ಕೆ ನೆರವಾದಳು. ಗಂಡಸರೇ ತುಂಬಿದ್ದ ಜಾಝ್ ಲೋಕದಲ್ಲಿ ಪಿಯಾನೋ ವಾದಕಿಯಾಗಿ, ಸಂಗೀತ ರಚನಕಾರ್ತಿಯಾಗಿ ಮೇಲೆದ್ದು ಬಂದಳು. 1940ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಹ್ಯಾಮಿಲ್ಟನ್ ಟೆರೇಸ್ ಎಂಬಲ್ಲಿದ್ದ ಅವಳ ಮನೆ ಯಾವ ಹೊತ್ತಿನಲ್ಲಿಯೂ ತೆರೆದಿರುತ್ತಿತ್ತು. ಕಛೇರಿ ಮುಗಿಸಿದ ತರುಣ ಸಂಗೀತಗಾರರು ನಡುರಾತ್ರಿಯ ನಂತರ ಅಲ್ಲಿಗೆ ಬಂದು ಸೇರುತ್ತಿದ್ದರು. ಥೆಲೋನಿಯಸ್ ಮಂಕ್, ಬಡ್ ಪಾವೆಲ್, ಡಿಜ್ಜಿ ಗಿಲೆಸ್ಪಿ ಮೊದಲಾದವರು ಅಲ್ಲಿ ತಮ್ಮ ಹೊಸ ರಚನೆಗಳನ್ನು ಒಬ್ಬರಿಗೊಬ್ಬರು ಕೇಳಿಸಿ, ತಿದ್ದಿಕೊಂಡು, ಕಲಿತುಕೊಂಡು ಹೋಗುತ್ತಿದ್ದರು. ತನ್ನ ವಿದ್ಯೆಯನ್ನು ಕಿರಿಯರಿಂದ ಬಚ್ಚಿಡುವ ಗುಣ ಅವಳಲ್ಲಿರಲಿಲ್ಲ.

1954ರಲ್ಲಿ ಪ್ಯಾರಿಸ್ ನಗರದಲ್ಲಿ ನುಡಿಸುತ್ತಿದ್ದಾಗ ಅವಳಿಗೆ ಎಲ್ಲವೂ ಬರಿದೆನಿಸಿತು. ವೇದಿಕೆಯಿಂದ ಎದ್ದು ಹೋದಳು, ಸಂಗೀತವನ್ನೇ ತೊರೆದಳು. ಕೀರ್ತಿ ಇತ್ತು, ಕೈಚಳಕ ಇತ್ತು, ಆದರೆ ಒಳಗೆ ನೆಲೆ ಇರಲಿಲ್ಲ. ಹಾರ್ಲೆಮ್‌ಗೆ ಮರಳಿ ಬಂದವಳು ಚರ್ಚಿನಲ್ಲಿ ಗಂಟೆಗಟ್ಟಲೆ ಪ್ರಾರ್ಥನೆಯಲ್ಲಿ ಕುಳಿತಳು. ತನಗೆ ಗೊತ್ತಿದ್ದ ಸಂಕಟಸ್ಥರ ಹೆಸರುಗಳ ಪಟ್ಟಿಯನ್ನು ಮಾಡಿಕೊಂಡು ಒಬ್ಬೊಬ್ಬರಿಗಾಗಿಯೂ ಪ್ರಾರ್ಥಿಸಿದಳು. ಮನೆಯ ಬಾಗಿಲನ್ನು ಮತ್ತೆ ತೆರೆದಳು. ಈ ಸಲ ಬಂದವರು ಹೊಸ ರಾಗ ಹುಡುಕುವ ತರುಣರಲ್ಲ. ಚಟಕ್ಕೆ ಸಿಲುಕಿ ವಾದ್ಯವನ್ನೂ ಮನೆಯನ್ನೂ ಕಳೆದುಕೊಂಡ ಸಂಗೀತಗಾರರು. ಅವರಿಗೆ ಅಡುಗೆ ಮಾಡಿ ಬಡಿಸಿದಳು, ಮಲಗಲು ಜಾಗ ಕೊಟ್ಟಳು, ತನ್ನ ಉಳಿತಾಯವನ್ನು ಅವರಿಗಾಗಿ ಕರಗಿಸಿದಳು.

1957ರ ಮೇ ತಿಂಗಳಲ್ಲಿ ಅವಳು ಗಿಲೆಸ್ಪಿಯ ಪತ್ನಿ ಲೊರೇನ್ ಜೊತೆಗೆ ಕ್ಯಾಥೊಲಿಕ್ ದೀಕ್ಷೆ ಪಡೆದಳು. ಭಕ್ತಿಗಾಗಿ ಸಂಗೀತವನ್ನು ಬಿಡಬೇಕೆಂದು ಅವಳು ಭಾವಿಸಿದ್ದಳು. ಅವಳ ಧರ್ಮಗುರುಗಳು ಬೇರೆಯೇ ದಾರಿ ತೋರಿಸಿದರು: ದೇವರು ಕೊಟ್ಟ ವಿದ್ಯೆಯನ್ನು ಮುಚ್ಚಿಡುವುದು ಭಕ್ತಿಯಲ್ಲ, ನುಡಿಸುವುದನ್ನೇ ಪ್ರಾರ್ಥನೆಯಾಗಿ ಅರ್ಪಿಸಬೇಕು ಎಂಬುದು ಅವರ ಉಪದೇಶದ ಸಾರ. ಕಾಯಕವನ್ನು ಬಿಟ್ಟು ಕೈಲಾಸವನ್ನು ಹುಡುಕಬಾರದೆಂಬ ಶರಣಧರ್ಮವನ್ನು ಬಲ್ಲವರಿಗೆ ಈ ಉಪದೇಶ ಅಪರಿಚಿತವೆನಿಸದು. ಅದೇ ವರ್ಷದ ಜುಲೈ ತಿಂಗಳಲ್ಲಿ ನ್ಯೂಪೋರ್ಟ್ ಸಂಗೀತೋತ್ಸವದಲ್ಲಿ ಗಿಲೆಸ್ಪಿಯ ತಂಡದೊಡನೆ ಅವಳು ಮತ್ತೆ ಪಿಯಾನೋ ಮುಂದೆ ಕುಳಿತಳು.

1958ರಲ್ಲಿ ಅವಳು ಬೆಲ್ ಕಾಂಟೊ ಫೌಂಡೇಶನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದಳು. ವ್ಯಸನಕ್ಕೆ ಬಿದ್ದ ಸಂಗೀತಗಾರರನ್ನು ಗುಣಪಡಿಸಿ ಮತ್ತೆ ಸಂಗೀತಕ್ಕೆ ತರುವುದು ಅದರ ಉದ್ದೇಶ. ಹಣಕ್ಕಾಗಿ ಕಾರ್ನೆಗಿ ಹಾಲ್‌ನಲ್ಲಿ ಸಹಾಯಾರ್ಥ ಕಛೇರಿ ನಡೆಯಿತು. ಮಿತ್ರರಿಂದ ದಾನವಾಗಿ ಬಂದ ಹಳೆಯ ಬಟ್ಟೆಬರೆಗಳನ್ನು ಮಾರುವ ಅಂಗಡಿಯನ್ನೂ ತೆರೆದಳು. ಅಂತರರಾಷ್ಟ್ರೀಯ ಕೀರ್ತಿಯ ಕಲಾವಿದೆಯೊಬ್ಬಳು ಹಳೆಯ ಬಟ್ಟೆಯ ಅಂಗಡಿ ನಡೆಸುವುದನ್ನು ಕಂಡು ಮೂಗುಮುರಿದವರಿದ್ದರೆ ಆಶ್ಚರ್ಯವಿಲ್ಲ. ಆದರೆ ಕಾಯಕದಲ್ಲಿ ಮೇಲುಕೀಳಿಲ್ಲವೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಒಂದು ಕೋಣೆಯಲ್ಲಿ ನಡೆದ ಹೋರಾಟ

ಅದೇ 1957ರ ವಸಂತಕಾಲದಲ್ಲಿ ಫಿಲಡೆಲ್ಫಿಯಾ ನಗರದ ಒಂದು ಸಾಧಾರಣ ಮನೆಯ ಕೋಣೆಯಲ್ಲಿ ಇನ್ನೊಬ್ಬ ಸಂಗೀತಗಾರ ತನ್ನ ಜೀವನದ ಮಹಾಯುದ್ಧವನ್ನು ಮಾಡುತ್ತಿದ್ದನು. ಅವನೇ ಜಾನ್ ಕೋಲ್ಟ್ರೇನ್.

ಕೋಲ್ಟ್ರೇನ್ ಹುಟ್ಟಿದ್ದು 1926ರ ಸೆಪ್ಟೆಂಬರ್ 23ರಂದು, ಉತ್ತರ ಕೆರೊಲಿನಾದ ಹ್ಯಾಮ್ಲೆಟ್ ಎಂಬ ಊರಿನಲ್ಲಿ. ಅವನ ಇಬ್ಬರು ಅಜ್ಜಂದಿರೂ ಕ್ರೈಸ್ತ ಧರ್ಮಬೋಧಕರು. ತಂದೆ ದರ್ಜಿ, ಬಿಡುವಿನಲ್ಲಿ ವಾದ್ಯ ನುಡಿಸುತ್ತಿದ್ದವನು. ಹುಡುಗನಿಗೆ ಹನ್ನೆರಡು ವರ್ಷವಾದಾಗ, ಕೆಲವೇ ತಿಂಗಳುಗಳ ಅಂತರದಲ್ಲಿ ತಂದೆಯೂ ತಾಯಿಯ ತಂದೆಯೂ ತೀರಿಕೊಂಡರು. ಆ ದುಃಖದ ಕಾಲದಲ್ಲಿ ಅವನು ಸಂಗೀತವನ್ನು ಬಿಗಿಯಾಗಿ ಹಿಡಿದುಕೊಂಡನು. ಮುಂದೆ ಫಿಲಡೆಲ್ಫಿಯಾಕ್ಕೆ ಬಂದು, ದಿನವಿಡೀ ಸಾಧನೆ ಮಾಡಿ ಒಳ್ಳೆಯ ಸ್ಯಾಕ್ಸೋಫೋನ್ ವಾದಕನಾದನು. ಹೆರಾಯಿನ್ನೂ ಮದ್ಯವೂ ಜೊತೆಯಲ್ಲಿಯೇ ಬಂದವು. 1955ರಲ್ಲಿ ಮೈಲ್ಸ್ ಡೇವಿಸನ ಹೆಸರಾಂತ ತಂಡದಲ್ಲಿ ಸ್ಥಾನ ದೊರೆಯಿತು. ಆದರೆ ವೇದಿಕೆಯ ಮೇಲೆ ತೂಕಡಿಸುವ, ಕೊಳೆ ಬಟ್ಟೆಯಲ್ಲಿ ಬರುವ ವಾದಕನನ್ನು ಎಷ್ಟು ದಿನ ಸಹಿಸಿಯಾರು? 1957ರ ಏಪ್ರಿಲ್ ತಿಂಗಳಲ್ಲಿ ಡೇವಿಸ್ ಅವನನ್ನು ತಂಡದಿಂದ ಹೊರಗೆ ಹಾಕಿದನು. ಡೇವಿಸ್ ಸ್ವತಃ ಕೆಲವು ವರ್ಷಗಳ ಹಿಂದೆ ಇದೇ ವಿಷದಿಂದ ಬಿಡಿಸಿಕೊಂಡವನು.

ಮೂವತ್ತರ ವಯಸ್ಸಿನ ಕೋಲ್ಟ್ರೇನ್ ತಾಯಿಯ ಮನೆಗೆ ಮರಳಿದನು. ತಾಯಿ ಮತ್ತು ಪತ್ನಿ ನೈಮಾ ಇವರ ಆಸರೆಯಲ್ಲಿ ಒಂದು ಕೋಣೆಯನ್ನು ಸೇರಿ, ಹೆರಾಯಿನ್ ಮತ್ತು ಮದ್ಯ ಎರಡನ್ನೂ ಒಮ್ಮೆಗೇ ಬಿಟ್ಟನು. ಆ ದಿನಗಳ ದೇಹಬಾಧೆ ಸಾಮಾನ್ಯವಾದುದಲ್ಲ. ಮುಂದೆ ತನ್ನ ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಬರೆದ ಪತ್ರದಲ್ಲಿ ಅವನು ಆ ಕಾಲವನ್ನು ನೆನೆದಿದ್ದಾನೆ. 1957ರಲ್ಲಿ ದೇವರ ಕೃಪೆಯಿಂದ ತನಗೊಂದು ಆಧ್ಯಾತ್ಮಿಕ ಎಚ್ಚರ ಉಂಟಾಯಿತೆಂದೂ, ಆಗ ತಾನು ಬೇಡಿಕೊಂಡದ್ದು ಸಂಗೀತದ ಮೂಲಕ ಇತರರನ್ನು ಸಂತೋಷಪಡಿಸುವ ಶಕ್ತಿಯನ್ನೂ ಭಾಗ್ಯವನ್ನೂ ಎಂದೂ ಅಲ್ಲಿ ಹೇಳಿದ್ದಾನೆ.

ಈ ಬೇಡಿಕೆಯನ್ನು ನಿಧಾನವಾಗಿ ಗಮನಿಸಬೇಕು. ಯಾತನೆಯಲ್ಲಿ ಬಿದ್ದವನು ಸಾಮಾನ್ಯವಾಗಿ ಯಾತನೆಯ ನಿವಾರಣೆಯನ್ನು ಬೇಡುತ್ತಾನೆ. ಕೆಲಸ ಕಳೆದುಕೊಂಡವನು ಕೆಲಸವನ್ನು ಬೇಡುತ್ತಾನೆ. ಕೋಲ್ಟ್ರೇನ್ ಕೊಡುವ ಯೋಗ್ಯತೆಯನ್ನು ಬೇಡಿದನು. ದೇಹವನ್ನು ವೀಣೆಯಾಗಿಸಿ ನುಡಿಸೆಂದು ಬೇಡಿದ ಬಸವಣ್ಣನವರ ಭಾವಕ್ಕೆ ಇದು ಎಷ್ಟು ಹತ್ತಿರ! ಹೆರಾಯಿನ್ ನುಡಿಸುತ್ತಿದ್ದ ದೇಹವನ್ನು ಅವನು ದೇವರ ಕೈಗೆ ಕೊಟ್ಟನು.

ಮಂಕನ ಪಿಯಾನೋ ಪಕ್ಕದಲ್ಲಿ

ಕೋಣೆಯಿಂದ ಹೊರಬಂದವನಿಗೆ ಒಂದು ಮನೆ ಬೇಕಾಗಿತ್ತು. ಅದು ದೊರೆತದ್ದು ಥೆಲೋನಿಯಸ್ ಮಂಕನ ಬಳಿ. ಹಿಂದೆ ಮೇರಿ ಲೂ ವಿಲಿಯಮ್ಸಳ ಪಿಯಾನೋ ಸುತ್ತ ನೆರೆಯುತ್ತಿದ್ದವರಲ್ಲಿ ಈ ಮಂಕನೂ ಒಬ್ಬನೆಂಬುದನ್ನು ಮರೆಯಬಾರದು. 1951ರಲ್ಲಿ ಮಾದಕ ವಸ್ತುವಿನ ಪ್ರಕರಣವೊಂದರಲ್ಲಿ ಸಿಕ್ಕಿ, ಜೊತೆಗಾರನ ವಿರುದ್ಧ ಬಾಯಿಬಿಡದೆ, ಪರವಾನಗಿ ಚೀಟಿಯನ್ನು ಕಳೆದುಕೊಂಡು ಮಂಕ್ ವರ್ಷಗಟ್ಟಲೆ ನ್ಯೂಯಾರ್ಕಿನ ಅಂಗಡಿಗಳಲ್ಲಿ ನುಡಿಸಲಾಗದೆ ಉಳಿದಿದ್ದನು. 1957ರಲ್ಲಿ ಚೀಟಿ ಮರಳಿ ದೊರೆಯಿತು.

ಆ ವರ್ಷ ಕೋಲ್ಟ್ರೇನ್ ಬೆಳಗಿನ ಹೊತ್ತು ಮಂಕನ ಮನೆಗೆ ಹೋಗಿ ಅವನನ್ನು ನಿದ್ದೆಯಿಂದ ಎಬ್ಬಿಸುತ್ತಿದ್ದನು. ಮಂಕ್ ಪಿಯಾನೋ ಮುಂದೆ ಕುಳಿತು ತನ್ನ ರಚನೆಯೊಂದನ್ನು ನುಡಿಸುವನು. ಕೋಲ್ಟ್ರೇನ್ ಅದನ್ನು ಸ್ಯಾಕ್ಸೋಫೋನಿನಲ್ಲಿ ಹಿಡಿಯಲು ಯತ್ನಿಸುವನು. ಎಡವಿದಾಗ ಮಂಕ್ ಮತ್ತೆ ಮತ್ತೆ ನುಡಿಸುವನು. ಅದೂ ಸಾಲದಿದ್ದರೆ ಬರೆದಿಟ್ಟ ಸ್ವರಲಿಪಿಯನ್ನು ತೆಗೆದು ತೋರಿಸುವನು. 1957ರ ಬೇಸಗೆಯಿಂದ ವರ್ಷದ ಕೊನೆಯವರೆಗೆ ಇಬ್ಬರೂ ಫೈವ್ ಸ್ಪಾಟ್ ಎಂಬ ಪುಟ್ಟ ಅಂಗಡಿಯಲ್ಲಿ ಜೊತೆಯಾಗಿ ನುಡಿಸಿದರು. 1958ರಲ್ಲಿ ಮೈಲ್ಸ್ ಡೇವಿಸನೇ ಕೋಲ್ಟ್ರೇನನನ್ನು ಮತ್ತೆ ಕರೆದುಕೊಂಡನು.

ಇಲ್ಲಿ ಒಂದು ಸರಪಳಿ ಕಾಣುತ್ತದೆ. ಮೇರಿ ಲೂ ಮಂಕನಿಗೆ ಬಾಗಿಲು ತೆರೆದಳು, ಮಂಕ್ ಕೋಲ್ಟ್ರೇನನಿಗೆ ತೆರೆದನು. ವ್ಯಸನಿಗೆ ಒಂಟಿತನವೇ ದೊಡ್ಡ ಶತ್ರು. ಹಳೆಯ ಗೆಳೆಯರ ನಡುವೆ ಹೋದರೆ ಹಳೆಯ ಚಟ. ಯಾರೂ ಬೇಡವೆಂದರೆ ಒಂಟಿತನ. ಈ ಎರಡರ ನಡುವೆ ಸಿಕ್ಕಿಕೊಂಡವನಿಗೆ ಸಜ್ಜನರ ಸಂಗ ಬೇಕು, ಆ ಸಂಗದಲ್ಲಿ ಮಾಡಲು ಒಂದು ಕೆಲಸವೂ ಬೇಕು. ಶರಣರು ಸಂಗದ ಮಹಿಮೆಯನ್ನು ಅಷ್ಟೊಂದು ಬಾರಿ ಹೇಳಿದ್ದು ಸುಮ್ಮನೆ ಅಲ್ಲ.

ವಿಷ ಬಿಟ್ಟರೆ ವಿದ್ಯೆ ಹೋಗುತ್ತದೆಂಬ ಭ್ರಮೆಗೆ ಕೋಲ್ಟ್ರೇನನ ಮುಂದಿನ ಹತ್ತು ವರ್ಷಗಳೇ ಉತ್ತರ. 1957ಕ್ಕೆ ಮೊದಲು ಅವನೊಬ್ಬ ಒಳ್ಳೆಯ ವಾದಕ, ಅಷ್ಟೆ. ಜಗತ್ತು ಇಂದು ನೆನೆಯುವ ಕೋಲ್ಟ್ರೇನ್ ಹುಟ್ಟಿದ್ದು ಚಟ ಬಿಟ್ಟ ಮೇಲೆ. ಅವನ ಹೆಸರಾಂತ ಕೃತಿಗಳೆಲ್ಲ ಆ ಹತ್ತು ವರ್ಷಗಳ ಬೆಳೆ.

ಅರ್ಪಣೆಯಾದ ಕೃತಿ

1964ರ ಡಿಸೆಂಬರ್ 9ರಂದು ಕೋಲ್ಟ್ರೇನ್ ತನ್ನ ಮೂವರು ಸಂಗಾತಿಗಳಾದ ಮೆಕಾಯ್ ಟೈನರ್, ಜಿಮ್ಮಿ ಗ್ಯಾರಿಸನ್, ಎಲ್ವಿನ್ ಜೋನ್ಸ್ ಇವರೊಡನೆ ನ್ಯೂಜೆರ್ಸಿಯ ಸ್ಟುಡಿಯೋ ಒಂದರಲ್ಲಿ 'ಎ ಲವ್ ಸುಪ್ರೀಮ್' ಎಂಬ ಕೃತಿಯನ್ನು ಧ್ವನಿಮುದ್ರಿಸಿದನು. ಪರಮ ಪ್ರೇಮ ಎಂಬುದು ಈ ಹೆಸರಿನ ಅರ್ಥ. ಇದನ್ನು ಅವನು ದೇವರಿಗೆ ಸಲ್ಲಿಸಿದ ವಿನಮ್ರ ಅರ್ಪಣೆ ಎಂದು ಕರೆದನು. 1965ರಲ್ಲಿ ಇದು ಹೊರಬಂದಿತು.

ಕೃತಿಗೆ ನಾಲ್ಕು ಭಾಗಗಳು: ಅಂಗೀಕಾರ, ಸಂಕಲ್ಪ, ಅನುಸರಣ, ಸ್ತೋತ್ರ ಎಂದು ಅವುಗಳ ಹೆಸರುಗಳನ್ನು ಕನ್ನಡಿಸಬಹುದು. ವ್ಯಸನದಿಂದ ಹೊರಬಂದವರಿಗೆ ಈ ಕ್ರಮ ತಮ್ಮದೇ ದಾರಿಯಂತೆ ಕಂಡರೆ ಆಶ್ಚರ್ಯವಿಲ್ಲ. ಮೊದಲು ಇದ್ದದ್ದನ್ನು ಇದ್ದಂತೆ ಒಪ್ಪಿಕೊಳ್ಳಬೇಕು, ಬಳಿಕ ನಿಶ್ಚಯ, ಆಮೇಲೆ ದಿನದಿನದ ನಡೆ, ಕೊನೆಗೆ ಕೃತಜ್ಞತೆ. ಮೊದಲ ಭಾಗದಲ್ಲಿ ನಾಲ್ಕು ಸ್ವರಗಳ ಒಂದು ಪುಟ್ಟ ಪಲುಕು ಬರುತ್ತದೆ. ಕೋಲ್ಟ್ರೇನ್ ಅದನ್ನು ಹನ್ನೆರಡು ಶ್ರುತಿಗಳಿಗೂ ಕೊಂಡೊಯ್ದು ನುಡಿಸುತ್ತಾನೆ. ದೇವರಿಲ್ಲದ ಎಡೆಯಿಲ್ಲವೆಂದು ಸಾರುವಂತೆ. ಅನಂತರ ವಾದ್ಯವನ್ನು ಕೆಳಗಿಟ್ಟು, ಕೃತಿಯ ಹೆಸರನ್ನೇ ಮಂತ್ರದಂತೆ ಮತ್ತೆ ಮತ್ತೆ ಬಾಯಿಯಿಂದ ಉಚ್ಚರಿಸುತ್ತಾನೆ.

ನಾಲ್ಕನೆಯ ಭಾಗ ವಚನಪ್ರಿಯರಿಗೆ ಇನ್ನೂ ಹತ್ತಿರವಾದುದು. ಕೋಲ್ಟ್ರೇನ್ ಬರೆದ ಪ್ರಾರ್ಥನೆಯೊಂದು ಮುದ್ರಿಕೆಯ ಹೊದಿಕೆಯ ಮೇಲೆ ಅಚ್ಚಾಗಿದೆ. ಧ್ವನಿಮುದ್ರಿಕೆಯಲ್ಲಿ ಅದನ್ನು ಯಾರೂ ಓದುವುದಿಲ್ಲ, ಹಾಡುವುದಿಲ್ಲ. ಸ್ಯಾಕ್ಸೋಫೋನೇ ಆ ಮಾತುಗಳನ್ನು ಅಕ್ಷರ ಅಕ್ಷರವಾಗಿ ನುಡಿಯುತ್ತದೆ ಎಂಬುದನ್ನು ಸಂಗೀತ ವಿದ್ವಾಂಸರು ಹೊಂದಿಸಿ ತೋರಿಸಿದ್ದಾರೆ. ಅಲ್ಲಿ ತಾಳದ ಕಟ್ಟು ಸಡಿಲ. ಮಾತಿನ ಉಸಿರು ಎಳೆದತ್ತ ನಾದ ಸಾಗುತ್ತದೆ. ವಚನವೂ ಛಂದಸ್ಸಿನ ಕಟ್ಟಿಗೆ ಒಳಪಡದ ನುಡಿ. ಅದನ್ನು ಹಾಡುವವನು ಲೆಕ್ಕಕ್ಕಿಂತ ಮೊದಲು ಅರ್ಥವನ್ನೂ ಒಲವನ್ನೂ ಹಿಡಿಯಬೇಕಾಗುತ್ತದೆ. ತಾಳದ ಲೆಕ್ಕ ತಿಳಿಯದೆಂದ ಬಸವಣ್ಣನವರ ವಿನಯದ ಮಾತಿನ ಒಳ ಅರ್ಥ ಇಲ್ಲಿ ಬೆಳಗುತ್ತದೆ. ಕೋಲ್ಟ್ರೇನ್ ಲೆಕ್ಕವನ್ನು ತಳಮಟ್ಟ ಕಲಿತವನು. ಕಲಿತ ಮೇಲೆ ಅದನ್ನು ಪ್ರಾರ್ಥನೆಯ ಪಾದದಲ್ಲಿ ಇಟ್ಟವನು.

ಅವನು ಒಂದೇ ಮತದ ಗಡಿಯಲ್ಲಿ ನಿಲ್ಲಲಿಲ್ಲ. ಎಲ್ಲ ಧರ್ಮಗಳಲ್ಲಿಯೂ ತನಗೆ ನಂಬಿಕೆಯಿದೆ ಎಂದನು. ಭಾರತದ ಸಂಗೀತವನ್ನು ಆಸಕ್ತಿಯಿಂದ ಕೇಳಿದನು. ಪಂಡಿತ್ ರವಿಶಂಕರರ ಮೇಲಿನ ಗೌರವದಿಂದ 1965ರಲ್ಲಿ ಹುಟ್ಟಿದ ಮಗನಿಗೆ ರವಿ ಎಂದು ಹೆಸರಿಟ್ಟನು. 1966ರಲ್ಲಿ ಜಪಾನಿಗೆ ಹೋದಾಗ ನಾಗಾಸಾಕಿಯ ಸ್ಮಾರಕದ ಮುಂದೆ ನಿಂತು ಪ್ರಾರ್ಥಿಸಿದನು. ಮುಂದೆ ಏನಾಗಬಯಸುವಿರಿ ಎಂದು ಅಲ್ಲಿನ ಪತ್ರಕರ್ತರು ಕೇಳಿದಾಗ, ಸಂತನಾಗಬಯಸುವೆನೆಂದು ಉತ್ತರಿಸಿದನು.

ಸೋಲುಗಳನ್ನು ಮುಚ್ಚಿಡಬಾರದು

ಇಂತಹ ಕಥೆಗಳನ್ನು ಹೇಳುವಾಗ ಗೆಲುವನ್ನಷ್ಟೇ ಹೇಳುವುದು ವಾಡಿಕೆ. ಅದರಿಂದ ಇಂದು ಹೋರಾಡುತ್ತಿರುವವರಿಗೆ ಅನ್ಯಾಯವಾಗುತ್ತದೆ.

ಮೇರಿ ಲೂ ಪ್ರೀತಿಯಿಂದ ಕಂಡ ಬಡ್ ಪಾವೆಲ್ ಮಹಾ ಪಿಯಾನೋ ವಾದಕನಾಗಿದ್ದೂ ಮನೋರೋಗ ಮತ್ತು ಮದ್ಯದ ಹೊಡೆತದಿಂದ ನರಳಿ 1966ರಲ್ಲಿ 41ನೆಯ ವಯಸ್ಸಿನಲ್ಲಿ ತೀರಿಕೊಂಡನು. ಬೆಲ್ ಕಾಂಟೊ ಸಂಸ್ಥೆ ಹಣದ ಮುಗ್ಗಟ್ಟಿನಿಂದ ಮೇಲೇಳಲಿಲ್ಲ. ಅವಳು ಕನಸು ಕಂಡ ಚಿಕಿತ್ಸಾಲಯ ಕೈಗೂಡಲಿಲ್ಲ. ಕೋಲ್ಟ್ರೇನ್ ತನ್ನ ಪತ್ರದಲ್ಲಿ 1957ರ ಎಚ್ಚರವನ್ನು ಹೇಳಿದಂತೆಯೇ, ಆ ಬಳಿಕ ಚಂಚಲತೆಯ ಕಾಲವೊಂದು ಬಂದು ತಾನು ದಾರಿ ತಪ್ಪಿದೆನೆಂದೂ, ಮತ್ತೆ ದಾರಿಗೆ ಬಂದೆನೆಂದೂ ಒಪ್ಪಿಕೊಂಡಿದ್ದಾನೆ. ಯಕೃತ್ತಿನ ಕ್ಯಾನ್ಸರ್ ರೋಗದಿಂದ 1967ರ ಜುಲೈ 17ರಂದು ಅವನು ತೀರಿಕೊಂಡಾಗ ವಯಸ್ಸು 40. ಭಕ್ತಿಗೆ ದೀರ್ಘಾಯುಷ್ಯದ ಆಶ್ವಾಸನೆ ಇಲ್ಲ. ಹಾಗಾದರೆ ರಾವಣನ ಅರ್ಧ ಆಯುಷ್ಯಕ್ಕೂ ಭಕ್ತನ ಅಲ್ಪ ಆಯುಷ್ಯಕ್ಕೂ ಭೇದವೇನು? ಒಂದು ತನಗಾಗಿ ಉರಿದು ಮುಗಿಯುತ್ತದೆ. ಇನ್ನೊಂದು ಉರಿದಷ್ಟು ಹೊತ್ತು ಇತರರ ದೀಪವನ್ನು ಹೊತ್ತಿಸುತ್ತದೆ.

ಆ ದೀಪಗಳು ಹೊತ್ತಿದ್ದಕ್ಕೆ ಸಾಕ್ಷಿಗಳಿವೆ. 1965ರಲ್ಲಿ ಕೋಲ್ಟ್ರೇನನ ವಾದನವನ್ನು ಕೇಳಿ ಬದಲಾದ ದಂಪತಿಗಳಿಬ್ಬರು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಅವನ ಹೆಸರಿನಲ್ಲಿಯೇ ಒಂದು ಚರ್ಚನ್ನು ಕಟ್ಟಿದರು. ಅಲ್ಲಿನ ಆರಾಧನೆಯಲ್ಲಿ ಅವನ ಕೃತಿಯೇ ಸ್ತೋತ್ರವಾಯಿತು, ಬಡವರಿಗೆ ಊಟವನ್ನೂ ನೀಡಲಾಯಿತು. ನಾದ ಮತ್ತು ಅನ್ನ ಎರಡೂ ಒಂದೇ ಪಂಕ್ತಿಗೆ ಬಂದವು. ಮೇರಿ ಲೂ ವಿಲಿಯಮ್ಸ್ ಜಾಝ್ ಶೈಲಿಯಲ್ಲಿ ಚರ್ಚಿನ ಪೂಜಾಸಂಗೀತವನ್ನು ರಚಿಸಿದಳು. 1975ರಲ್ಲಿ ಅದು ನ್ಯೂಯಾರ್ಕಿನ ಪ್ರಸಿದ್ಧ ಸೇಂಟ್ ಪ್ಯಾಟ್ರಿಕ್ ಮಹಾದೇವಾಲಯದಲ್ಲಿ ಮೊಳಗಿತು. 1977ರಿಂದ 1981ರಲ್ಲಿ ಕೊನೆಯುಸಿರೆಳೆಯುವವರೆಗೆ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆ ಕಲಿಸಿದಳು. ಎಳೆಯರಿಗೆ ಸಂಗೀತ ಕಲಿಸಲೆಂದೇ ತನ್ನ ಆಸ್ತಿಯನ್ನು ಬಿಟ್ಟುಹೋದಳು.

ಬರಿದಾದ ಕೈಗೆ ಏನು ಕೊಡಬೇಕು?

ಈ ಇತಿಹಾಸ ಕನ್ನಡ ನಾಡಿಗೆ ಏಕೆ ಬೇಕು? ವ್ಯಸನದ ಪ್ರಶ್ನೆ ಶರಣಧರ್ಮಕ್ಕೆ ಹೊಸದಲ್ಲ. ಹೆಂಡ ಮಾರುವ ಕಾಯಕದ ಮಾರಯ್ಯನೂ ಕಲ್ಯಾಣದಲ್ಲಿ ಶರಣನಾಗಿ, ಧರ್ಮೇಶ್ವರಲಿಂಗ ಎಂಬ ಅಂಕಿತದಿಂದ ವಚನಗಳನ್ನು ರಚಿಸಿದನು. ಯಾರನ್ನೂ ಹೊರಗೆ ನಿಲ್ಲಿಸದ ಮಹಾಮನೆ ಅದು. ಇಪ್ಪತ್ತನೆಯ ಶತಮಾನದಲ್ಲಿ ಇಳಕಲ್ ಶ್ರೀ ವಿಜಯ ಮಹಾಂತೇಶ್ವರ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ 'ಮಹಾಂತ ಜೋಳಿಗೆ'ಯನ್ನು ಹಿಡಿದು ಊರೂರು, ಕೇರಿಕೇರಿ ತಿರುಗಿದರು. ಜಂಗಮರ ಜೋಳಿಗೆಗೆ ಕಾಳುಕಡಿ ಬೀಳುವುದು ವಾಡಿಕೆ. ಅವರು ಬೇಡಿದ್ದು ಜನರ ದುಶ್ಚಟಗಳನ್ನು. ಕುಡಿತ, ತಂಬಾಕು, ಜೂಜುಗಳನ್ನು ಅನೇಕರು ಆ ಜೋಳಿಗೆಗೆ ಹಾಕಿ ಹಗುರಾದರು. 2018ರಲ್ಲಿ ಪೂಜ್ಯರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರ ವ್ಯಸನಮುಕ್ತ ದಿನವೆಂದು ಘೋಷಿಸಿತು.

ಜೋಳಿಗೆಗೆ ಚಟವನ್ನು ಹಾಕಿದವನ ಕೈ ಬರಿದಾಗುತ್ತದೆ. ಬರಿದಾದ ಕೈ ಹೆಚ್ಚು ದಿನ ಬರಿದಾಗಿ ಇರದು. ಒಳ್ಳೆಯದು ಸಿಗದಿದ್ದರೆ ಹಳೆಯದನ್ನೇ ಹುಡುಕುತ್ತದೆ. ಸಂಜೆಯ ಹೊತ್ತು ಕುಡಿತಕ್ಕೆ ಹೋಗುತ್ತಿದ್ದವನಿಗೆ ಆ ಸಂಜೆಯೇ ಶತ್ರು. ಆ ಕೈಗೆ ಒಂದು ತಾಳ, ಒಂದು ದಪ್ಪು, ಒಂದು ಹಾರ್ಮೋನಿಯಂ ಸಿಕ್ಕಿದರೆ? ಊರಿನ ಭಜನೆಯ ಮೇಳದಲ್ಲಿ, ಮಠದ ವಚನ ಗಾಯನದಲ್ಲಿ ಅವನಿಗೊಂದು ಸ್ಥಾನ ಸಿಕ್ಕಿದರೆ? ಕೇಳುವವನಾಗಿ ಮೂಲೆಯಲ್ಲಿ ಕೂಡಿಸಿದರೆ ಸಾಲದು. ಹಾಡುವವನಾಗಿ, ಕಲಿಸುವವನಾಗಿ, ತಾನೇ ರಾಗ ಕಟ್ಟಿ ಕೊಡುವವನಾಗಿ ಕೂಡಿಸಬೇಕು. ಊರೆಲ್ಲ ಕುಡುಕನೆಂದು ಕರೆದವನ ಬಾಯಿಂದ ವಚನವೊಂದು ಕೇಳಿಬಂದಾಗ, ಕೇಳುವವರ ದೃಷ್ಟಿ ಬದಲಾಗುತ್ತದೆ. ಅದಕ್ಕಿಂತ ಮೊದಲು ಅವನ ಆತ್ಮಗೌರವ ಮರಳುತ್ತದೆ. ಪಡೆಯುವವನಾಗಿಯೇ ಉಳಿದವನು ಬೇಗ ದಣಿಯುತ್ತಾನೆ. ಕೊಡುವವನಾದವನಿಗೆ ನಾಳೆಯೂ ಎಚ್ಚರವಾಗಿರಲು ಒಂದು ಕಾರಣ ಇರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಬಹುಕಾಲ ಹೆಚ್ಚಾಗಿ ಮದ್ಯ ಸೇವಿಸಿದವರು ಅದನ್ನು ಥಟ್ಟನೆ ನಿಲ್ಲಿಸಿದರೆ ಮೂರ್ಛೆ, ಸನ್ನಿ ಮೊದಲಾದ ಪ್ರಾಣಾಪಾಯದ ತೊಂದರೆಗಳು ಬರಬಹುದು. ಕೋಲ್ಟ್ರೇನನಂತೆ ಕೋಣೆಯ ಬಾಗಿಲು ಹಾಕಿಕೊಳ್ಳುವುದು ಎಲ್ಲರಿಗೂ ಸಲ್ಲುವ ದಾರಿಯಲ್ಲ. ಇಂದು ವೈದ್ಯರ ನೆರವು ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಭಕ್ತಿ ಔಷಧಕ್ಕೆ ಎದುರಾಳಿಯಲ್ಲ. ಔಷಧ ದೇಹವನ್ನು ಎತ್ತಿ ನಿಲ್ಲಿಸುತ್ತದೆ. ನಿಂತ ದೇಹ ಯಾರಿಗಾಗಿ ನಡೆಯಬೇಕೆಂಬುದನ್ನು ಭಕ್ತಿ ಹೇಳುತ್ತದೆ.

ಬಸವಣ್ಣನವರ ವಚನದ ಬಳಿಗೆ ಮರಳಿದರೆ ಅದರ ಕಾಠಿಣ್ಯದ ಹಿಂದಿನ ಕರುಣೆ ಈಗ ಕಾಣುತ್ತದೆ. ದೇವನು ಸಂಗೀತಕ್ಕೆ ಒಲಿಯುವವನಾಗಿದ್ದರೆ ಚೆನ್ನಾಗಿ ಹಾಡುವವರಿಗಷ್ಟೇ ಅವನ ಬಾಗಿಲು ತೆರೆಯುತ್ತಿತ್ತು. ಅವನು ಭಕ್ತಿಗೆ ಒಲಿಯುವವನಾದ್ದರಿಂದ ಶ್ರುತಿ ತಪ್ಪಿದ ಕಂಠಕ್ಕೂ, ನಡುಗುವ ಕೈಗೂ, ನಿನ್ನೆಯಷ್ಟೇ ಕುಡಿತ ಬಿಟ್ಟವನಿಗೂ ಅಲ್ಲಿ ಎಡೆಯುಂಟು. ಪ್ರತಿಯೊಂದು ಮಠದ ಅಂಗಳದಲ್ಲಿ, ಪ್ರತಿಯೊಂದು ಊರಿನ ಬಸವ ಬಳಗದಲ್ಲಿ ಅಂತಹವರಿಗಾಗಿ ಒಂದು ಚಾಪೆ ಹಾಸಿರಲಿ, ಒಂದು ವಾದ್ಯ ಕಾದಿರಲಿ. ಅನ್ನದಾಸೋಹದ ಜೊತೆಯಲ್ಲಿ ನಾದ ದಾಸೋಹವೂ ನಡೆಯಲಿ.